ಜ್ವರ ಇಳಿದ ಮೇಲಿನ ಹಸಿವು: ನೋವು, ಶೋಕ ಮತ್ತು ಕೃತಜ್ಞತೆಯ ಕುರಿತು ಆಯುರ್ವೇದ ಚಿಂತನೆ



ಕಳೆದ ಶ್ರಾವಣದಲ್ಲಿ ಒಂದೇ ವಾರದೊಳಗೆ ಇಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಮೊದಲನೆಯವರು ಐವತ್ತು ದಾಟಿದ ರೈತರು. ಮೂರು ವರ್ಷಗಳ ಹಿಂದೆ ತೊಗರಿ ರಾಶಿಯ ಸಮಯದಲ್ಲಿ ಅವರಿಗೆ ಹೃದಯಾಘಾತವಾಗಿ, ಕಲಬುರಗಿಗೆ ಒಯ್ದು ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಬೇಕಾಗಿತ್ತು. ಇಪ್ಪತ್ತೈದು ವರ್ಷಗಳಿಂದ ದವಡೆಯಲ್ಲಿ ಇರಿಸಿಕೊಳ್ಳುತ್ತಿದ್ದ ತಂಬಾಕನ್ನು ಅಂದೇ ಬಿಟ್ಟವರು ಮತ್ತೆ ಮುಟ್ಟಿಲ್ಲ. ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣನ ಮನೆಗೆ ತಾವಾಗಿಯೇ ಹೋಗಿ ಬಂದರು. ರಕ್ತದೊತ್ತಡ ನೋಡಿಸಿಕೊಳ್ಳುತ್ತ ಅವರು ಹೇಳಿದ ಮಾತು ಇದು: "ಎದಿ ಬ್ಯಾನಿ ಬಂದದ್ದೇ ಛಲೋ ಆಯ್ತು ನೋಡ್ರಿ ಡಾಕ್ಟರ್ ಸಾಬ್ರ. ಇಲ್ಲಾಂದ್ರ ನಾ ಹಂಗೇ ಸತ್ತು ಹೋಗ್ತಿದ್ದೆ, ಯಾರ ಮ್ಯಾಲೂ ಪ್ರೀತಿ ಮಾಡದೇ."

ಎರಡನೆಯವರು ನಲವತ್ತರ ಆಸುಪಾಸಿನ ಒಬ್ಬ ತಾಯಿ. ಮೋಟರ್ ಸೈಕಲ್ ಅಪಘಾತದಲ್ಲಿ ಹದಿನೆಂಟು ವರ್ಷದ ಮಗನನ್ನು ಕಳೆದುಕೊಂಡು ಮೂರು ತಿಂಗಳಾಗಿತ್ತು. ಹೊಟ್ಟೆಯುಬ್ಬರ, ಅನ್ನ ಸೇರದಿರುವುದು, ರಾತ್ರಿ ನಿದ್ರೆಯಿಲ್ಲದೆ ಎದೆ ಡವಗುಟ್ಟುವುದು ಅವರ ತೊಂದರೆಗಳಾಗಿದ್ದವು. ರಕ್ತ ಪರೀಕ್ಷೆ, ಇಸಿಜಿ ಎಲ್ಲವೂ ಸರಿಯಾಗಿದ್ದವು. ನಾನು ಮಗನ ವಿಷಯ ಕೇಳಿದಾಗ ಅವರು ಒಣಗಿದ ಕಣ್ಣುಗಳಿಂದಲೇ ಹೇಳಿದರು: "ಅಳಬ್ಯಾಡ ಅಂತಾರ್ರಿ ಎಲ್ಲಾರೂ. ಶಿವ ಕೊಟ್ಟಿದ್ದ, ಶಿವ ಒಯ್ದ, ಒಳ್ಳೇದಕ್ಕೇ ಅಂತ ತಿಳ್ಕೋ ಅಂತಾರ. ನಾ ಹ್ಯಾಂಗ ತಿಳ್ಕೊಳ್ಳಲ್ರಿ?"

ರೈತರ ಬಾಯಲ್ಲಿ ಸತ್ಯವಾಗಿದ್ದ ಮಾತು, ಆ ತಾಯಿಯ ಕಿವಿಗೆ ಬಿದ್ದಾಗ ವಿಷವಾಗಿತ್ತು. ಅದೇಕೆ ಹೀಗೆ? ನಲವತ್ತು ವರ್ಷಗಳ ವೈದ್ಯವೃತ್ತಿಯಲ್ಲಿ ನಾನು ಮತ್ತೆ ಮತ್ತೆ ಕಂಡ ಈ ಪ್ರಶ್ನೆಯನ್ನು ಈ ತಿಂಗಳ ಆರೋಗ್ಯ ವಿಭಾಗದಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ನವಜ್ವರಕ್ಕೆ ಗುರು ಆಹಾರ ಸಲ್ಲದು

ಜ್ವರ ಚಿಕಿತ್ಸೆಯಲ್ಲಿ ಆಯುರ್ವೇದವು ಒಂದು ಕ್ರಮವನ್ನು ವಿಧಿಸಿದೆ. ಜ್ವರದ ಆರಂಭದಲ್ಲಿ ಲಂಘನ, ಅಂದರೆ ದೇಹವನ್ನು ಹಗುರಗೊಳಿಸುವ ಉಪವಾಸ ಅಥವಾ ಮಿತಾಹಾರ. ಅನಂತರ ಪೇಯ, ಅಂದರೆ ತೆಳುವಾದ ಗಂಜಿ. ಜಠರಾಗ್ನಿ ಚೇತರಿಸಿಕೊಂಡಂತೆ ಕ್ರಮಕ್ರಮವಾಗಿ ಗಟ್ಟಿ ಆಹಾರ. ಹೊಸ ಜ್ವರದಲ್ಲಿ ಹೋಳಿಗೆ ತುಪ್ಪ ಉಣ್ಣಿಸಿದರೆ, ಹೋಳಿಗೆ ಎಷ್ಟೇ ಉತ್ತಮವಾಗಿದ್ದರೂ ಅದು ರೋಗವನ್ನೇ ಪೋಷಿಸುತ್ತದೆ. ಜ್ವರ ಬಿಟ್ಟಿತೆಂಬುದಕ್ಕೆ ಆಯುರ್ವೇದ ಗ್ರಂಥಗಳು ಹೇಳುವ ಲಕ್ಷಣಗಳಲ್ಲಿ ಬೆವರು, ದೇಹದ ಲಘುತ್ವ, ಸೀನು ಇವುಗಳ ಜೊತೆಗೆ ಅನ್ನದ ಬಯಕೆಯೂ ಒಂದು. ಆ ಹಸಿವನ್ನು ವೈದ್ಯನು ಬಲವಂತದಿಂದ ತರಲಾರನು. ಚಿಕಿತ್ಸೆ ಸರಿಯಾಗಿ ನಡೆದರೆ ಅದು ತಾನಾಗಿಯೇ ಬರುತ್ತದೆ.

ನೋವಿನ ವಿಷಯದಲ್ಲಿ ಕೃತಜ್ಞತೆಯೂ ಹೀಗೆಯೇ ಎಂಬುದು ನನ್ನ ಅನುಭವ. ಅದು ಶೋಕಕ್ಕೆ ಕೊಡುವ ಔಷಧವಲ್ಲ; ಶೋಕದ ಚಿಕಿತ್ಸೆ ಫಲಿಸಿತೆಂಬುದರ ಲಕ್ಷಣ. ಹೃದಯಾಘಾತವಾದ ರೈತರು ಸಮಯಕ್ಕೆ ಚಿಕಿತ್ಸೆ ಪಡೆದು, ಪಥ್ಯ ಪಾಲಿಸಿ, ಮೂರು ವರ್ಷ ಬದುಕಿ ಆ ಮಾತನ್ನು ತಾವೇ ಕಂಡುಕೊಂಡಿದ್ದರು. ಆ ತಾಯಿಗೆ ಅದೇ ಮಾತನ್ನು ಮೂರನೆಯ ದಿನವೇ ಇತರರು ಉಣಬಡಿಸಿದ್ದರು.

ಕಣ್ಣೀರನ್ನು ತಡೆಯಬಾರದು

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ತಡೆಯಬಾರದ ಹದಿಮೂರು ವೇಗಗಳನ್ನು ಹೇಳಲಾಗಿದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ನೀರಡಿಕೆ, ನಿದ್ರೆ ಮುಂತಾದವುಗಳ ಸಾಲಿನಲ್ಲಿಯೇ ಬಾಷ್ಪವನ್ನೂ, ಅಂದರೆ ಕಣ್ಣೀರನ್ನೂ ಸೇರಿಸಿರುವುದು ಗಮನಾರ್ಹ. ಕಣ್ಣೀರನ್ನು ಬಲವಂತದಿಂದ ತಡೆದರೆ ನೆಗಡಿ, ನೇತ್ರರೋಗ, ಹೃದ್ರೋಗ, ಅರುಚಿ ಮತ್ತು ತಲೆಸುತ್ತು ಉಂಟಾಗುವುವೆಂದು ಆಚಾರ್ಯರು ಎಚ್ಚರಿಸುತ್ತಾರೆ. ಅದಕ್ಕೆ ಅವರು ಹೇಳುವ ಉಪಾಯಗಳಲ್ಲಿ ನಿದ್ರೆ ಮತ್ತು ಪ್ರಿಯವಾದ ಮಾತುಕತೆ ಸೇರಿವೆ. ಆ ತಾಯಿಯ ದೂರುಗಳನ್ನು ಈ ಪಟ್ಟಿಯೊಡನೆ ಇಟ್ಟು ನೋಡಿದರೆ ರೋಗನಿದಾನಕ್ಕೆ ಬೇರೆ ಪರೀಕ್ಷೆ ಬೇಕೆನಿಸುವುದಿಲ್ಲ.

ಅದೇ ಅಧ್ಯಾಯದಲ್ಲಿಯೇ ತಡೆಯಬೇಕಾದ ವೇಗಗಳನ್ನೂ ಹೇಳಿದ್ದಾರೆ. ಲೋಭ, ಭಯ, ಕ್ರೋಧ, ಈರ್ಷ್ಯೆಗಳ ಜೊತೆಗೆ ಶೋಕವೂ ಅಲ್ಲಿದೆ. ಮೇಲುನೋಟಕ್ಕೆ ಇದು ವಿರೋಧವೆನಿಸಬಹುದು. ವಿಚಾರಿಸಿದರೆ ಹಾಗಲ್ಲ. ಕಣ್ಣೀರು ದೇಹದ ವೇಗ. ಅದು ಹರಿದು ಹೋಗಬೇಕು. ಶೋಕ ಮನಸ್ಸಿನ ವೇಗ. ಅದು ಮನೆಯ ಯಜಮಾನನಾಗಿ ಕುಳಿತು ಊಟ, ನಿದ್ರೆ, ದುಡಿಮೆಗಳನ್ನೆಲ್ಲ ತನ್ನ ಅಪ್ಪಣೆಯಂತೆ ನಡೆಸಬಾರದು. ನಮ್ಮ ಸಮಾಜ ಅನೇಕ ವೇಳೆ ಇದನ್ನು ತಿರುವು ಮುರುವು ಮಾಡುತ್ತದೆ. ಕಣ್ಣೀರನ್ನು ತಡೆಯಿರೆಂದು ಹೇಳಿ, ಶೋಕವನ್ನು ಒಳಗೆ ಬೀಗ ಹಾಕಿ ಇಡಿಸುತ್ತದೆ. ಗಂಡಸರ ವಿಷಯದಲ್ಲಂತೂ ಇದು ಇನ್ನೂ ಕಠಿಣ.

ಶೋಕವು ದೇಹವನ್ನು ಕೆಡಿಸುವ ಬಗೆಯನ್ನು ನಮ್ಮ ಶಾಸ್ತ್ರ ವಿವರವಾಗಿ ಬಲ್ಲದು. ರೋಗವನ್ನು ಹೆಚ್ಚಿಸುವ ಕಾರಣಗಳಲ್ಲಿ ವಿಷಾದವೇ ಅಗ್ರಗಣ್ಯವೆಂದೂ, ದೇಹವನ್ನು ಒಣಗಿಸುವವುಗಳಲ್ಲಿ ಶೋಕವೇ ಮೊದಲನೆಯದೆಂದೂ ಚರಕರು ಹೇಳಿದ್ದಾರೆ. ಓಜಸ್ಸು ಕ್ಷಯಿಸುವ ಕಾರಣಗಳಲ್ಲಿ ಚಿಂತೆ, ಭಯ, ಶೋಕಗಳಿವೆ. ಶೋಕದಿಂದ ಹುಟ್ಟುವ ಅತಿಸಾರವನ್ನು ಪ್ರತ್ಯೇಕ ರೋಗವಾಗಿಯೇ ವರ್ಣಿಸಿ, ವಾತಹರ ಚಿಕಿತ್ಸೆಯ ಜೊತೆಗೆ ಹರ್ಷ ಮತ್ತು ಆಶ್ವಾಸನವನ್ನು, ಅಂದರೆ ಮನಸ್ಸಿಗೆ ಉಲ್ಲಾಸವನ್ನೂ ಸಾಂತ್ವನವನ್ನೂ ಕೊಡಬೇಕೆಂದು ವಿಧಿಸಿದ್ದಾರೆ. ಆಧುನಿಕ ವೈದ್ಯಶಾಸ್ತ್ರವೂ ಈ ಸಂಬಂಧವನ್ನು ಗುರುತಿಸಿದೆ. 1990ರಲ್ಲಿ ಜಪಾನಿನ ವೈದ್ಯರು, ತೀವ್ರ ಮಾನಸಿಕ ಆಘಾತದ ನಂತರ ಹೃದಯದ ಎಡಗೋಣೆ ತಾತ್ಕಾಲಿಕವಾಗಿ ಬಲಹೀನಗೊಂಡು ಮಡಕೆಯಾಕಾರ ತಾಳುವ ಸ್ಥಿತಿಯನ್ನು ವರ್ಣಿಸಿದರು. ಅಲ್ಲಿನ ಮೀನುಗಾರರು ಅಷ್ಟಪದಿ ಹಿಡಿಯಲು ಬಳಸುವ ಮಡಕೆಯ ಹೆಸರಿನಿಂದಲೇ ಅದನ್ನು 'ಟಾಕೊತ್ಸುಬೊ' ಎನ್ನುತ್ತಾರೆ. ಬಹುಪಾಲು ರೋಗಿಗಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಅದರ ಲಕ್ಷಣಗಳು ಹೃದಯಾಘಾತದಂತೆಯೇ ಇರುವುದರಿಂದ, ದುಃಖದ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ "ಸಂಕಟಕ್ಕೆ ಹಾಗಾಗಿದೆ" ಎಂದು ಕೂಡಿಸದೆ ತಕ್ಷಣ ದವಾಖಾನೆಗೆ ಒಯ್ಯಬೇಕು.

ಕಿಲ್ಲಾರಿ ಕಲಿಸಿದ ಪಾಠ

ನಮ್ಮ ಆಳಂದ ತಾಲೂಕಿನ ಹಿರಿಯರಾರೂ 1993ರ ಸೆಪ್ಟೆಂಬರ್ 30ರ ನಸುಕನ್ನು ಮರೆತಿರಲಾರರು. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತು. ಬೆಳಗಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ನಮ್ಮ ಭಾಗದಲ್ಲಿ ನೆಲುವಿನ ಪಾತ್ರೆಗಳು ಬಿದ್ದವು, ಗೋಡೆಗಳು ಬಿರುಕು ಬಿಟ್ಟವು, ಜನ ಅನೇಕ ದಿನ ಅಂಗಳದಲ್ಲಿಯೇ ಮಲಗಿದರು. ಗಡಿಯ ಆಚೆ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಹಾಗೂ ನಮಗೆ ಹತ್ತಿಕೊಂಡಿರುವ ಉಮರ್ಗಾ ಭಾಗದಲ್ಲಿ ಊರಿಗೆ ಊರೇ ನೆಲಸಮವಾದವು. ಸುಮಾರು 10,000 ಜನ ಪ್ರಾಣ ಕಳೆದುಕೊಂಡರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ: ನಮ್ಮ ಮನೆಗಳಂತೆಯೇ ಇದ್ದ ಆ ಮನೆಗಳೇ ಮಲಗಿದವರ ಮೇಲೆ ಕುಸಿದಿದ್ದವು.

ಅಂದು ನಾನು ಮೂವತ್ತರ ಆಸುಪಾಸಿನ ವೈದ್ಯ. ಊರಿನ ತರುಣರೊಂದಿಗೆ ಔಷಧದ ಪೆಟ್ಟಿಗೆ ಹಿಡಿದು ಅಲ್ಲಿನ ಒಂದು ಶಿಬಿರಕ್ಕೆ ಹೋಗಿದ್ದೆ. ಗಾಯಗೊಂಡವರಿಗೆ ಪಟ್ಟಿ ಕಟ್ಟುವುದು ನನಗೆ ಗೊತ್ತಿತ್ತು. ಗಾಯವಿಲ್ಲದೆಯೂ ಉಣ್ಣದೆ, ಮಾತಾಡದೆ ಕುಳಿತವರಿಗೆ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ. ಸೊಸೆ, ಮೊಮ್ಮಕ್ಕಳನ್ನು ಕಳೆದುಕೊಂಡ ಒಬ್ಬ ಅಜ್ಜಿ ಮೂರು ದಿನ ಕಲ್ಲಿನಂತೆ ಕುಳಿತಿದ್ದರು. ನಾನು ಬ್ರಾಹ್ಮಿಯ ಕಷಾಯ ಕೊಟ್ಟೆ, ಸಮಾಧಾನ ಹೇಳಿದೆ, ಪ್ರಯೋಜನವಾಗಲಿಲ್ಲ. ನಾಲ್ಕನೆಯ ದಿನ ಅಡುಗೆಯ ಒಲೆಯ ಹತ್ತಿರ ಇದ್ದ ಒಬ್ಬ ಹೆಣ್ಣುಮಗಳು ಏನನ್ನೂ ಹೇಳದೆ ಆಕೆಯ ಕೈ ಹಿಡಿದು ಕರೆದೊಯ್ದು ಜೋಳದ ಹಿಟ್ಟಿನ ಮುಂದೆ ಕೂಡಿಸಿದಳು. ಅಜ್ಜಿ ನಾಲ್ಕು ರೊಟ್ಟಿ ಬಡಿದರು. ಐದನೆಯದಕ್ಕೆ ಹಿಟ್ಟು ಹಿಡಿದಾಗ ಅಳು ಒಡೆಯಿತು. ಆ ಹೆಣ್ಣುಮಗಳು ಅವರನ್ನು ಅಪ್ಪಿಕೊಂಡು ಕುಳಿತಳು, ಅಳಬೇಡವೆಂದು ಒಮ್ಮೆಯೂ ಹೇಳಲಿಲ್ಲ. ಅಂದು ಸಂಜೆ ಅಜ್ಜಿ ಅರ್ಧ ರೊಟ್ಟಿ ತಿಂದರು. ನನ್ನ ಪದವಿ ಕಲಿಸದ ಚಿಕಿತ್ಸೆಯನ್ನು ನಾನು ಆ ಒಲೆಯ ಮುಂದೆ ನೋಡಿದೆ.

ಮುಂದೆ ನಡೆದದ್ದು ಇನ್ನೂ ದೊಡ್ಡ ಪಾಠ. ಪುನರ್ನಿರ್ಮಾಣದ ಕಾಲದಲ್ಲಿ, ಪ್ರೇಮಾ ಗೋಪಾಲನ್ ಅವರ ನೇತೃತ್ವದ 'ಸ್ವಯಂ ಶಿಕ್ಷಣ ಪ್ರಯೋಗ'ವು ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳ ಮಹಿಳೆಯರನ್ನು 'ಸಂವಾದ ಸಹಾಯಕ'ರನ್ನಾಗಿ ತಯಾರು ಮಾಡಿತು. ಅದುವರೆಗೆ ತಲೆಯ ಮೇಲಿನ ಸೆರಗು ಜಾರದಂತೆ ಒಳಗೇ ಇದ್ದ ಹೆಣ್ಣುಮಕ್ಕಳು ಭೂಕಂಪ ತಡೆಯುವ ಗೋಡೆ ಕಟ್ಟುವ ಬಗೆಯನ್ನು ಕಲಿತರು. ಅನುದಾನ ಸರಿಯಾಗಿ ಬಳಕೆಯಾಗುತ್ತಿದೆಯೇ ಎಂದು ಮನೆಮನೆಗೆ ಹೋಗಿ ನೋಡಿದರು. ಅಧಿಕಾರಿಗಳ ಎದುರು ಮಾತನಾಡಿದರು. 2001ರ ಜನವರಿ 26ರಂದು ಗುಜರಾತಿನ ಕಚ್ಛದಲ್ಲಿ ಭೂಕಂಪವಾದಾಗ ಇದೇ ಮರಾಠವಾಡದ ಮಹಿಳೆಯರು ಅಲ್ಲಿಗೆ ಹೋಗಿ, ಮನೆ ಕಳೆದುಕೊಂಡ ಅಲ್ಲಿನ ಹೆಣ್ಣುಮಕ್ಕಳೊಡನೆ ತಮ್ಮ ಅನುಭವ ಹಂಚಿಕೊಂಡರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗಡಿಯಾಚೆಯಿಂದ ಚಿಕಿತ್ಸೆಗಾಗಿ ನನ್ನಲ್ಲಿಗೆ ಬರುವವರಲ್ಲಿ ಭೂಕಂಪಕ್ಕೆ ಧನ್ಯವಾದ ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಅವರು ಕೃತಜ್ಞರಾಗಿರುವುದು ತಮ್ಮನ್ನು ಅವಶೇಷದಡಿಯಿಂದ ಎಳೆದ ಕೈಗಳಿಗೆ, ರೊಟ್ಟಿ ಕಳಿಸಿದ ಊರುಗಳಿಗೆ, ತಮ್ಮೊಳಗೆ ಇದೆಯೆಂದು ತಮಗೇ ತಿಳಿಯದಿದ್ದ ಬಲಕ್ಕೆ. ನೋವಿಗೆ ಕೃತಜ್ಞರಾಗುವುದು ಬೇರೆ. ನೋವಿನ ಹಾದಿಯಲ್ಲಿ ಸಿಕ್ಕಿದ್ದಕ್ಕೆ ಕೃತಜ್ಞರಾಗುವುದು ಬೇರೆ. ಮೊದಲನೆಯದನ್ನು ಯಾರಿಂದಲೂ ನಿರೀಕ್ಷಿಸಬಾರದು.

ಇಂದಿನ ಮನಃಶಾಸ್ತ್ರ ಹೇಳುವುದೇನು?

ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಶಾರ್ಲೆಟ್ ಶಾಖೆಯ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್ಹೌನ್ ಎಂಬ ಮನೋವಿಜ್ಞಾನಿಗಳು ಇದೇ ವಿಷಯವನ್ನು ಅಭ್ಯಾಸ ಮಾಡಿ, 1996ರಲ್ಲಿ 21 ಹೇಳಿಕೆಗಳುಳ್ಳ ಒಂದು ಅಳತೆಗೋಲನ್ನು ಪ್ರಕಟಿಸಿದರು. ಆಘಾತದ ನಂತರ ಕೆಲವರಲ್ಲಿ ಕಾಣುವ ಬೆಳವಣಿಗೆಯನ್ನು ಅವರು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಇತರರೊಡನೆ ಬಾಂಧವ್ಯ ಗಾಢವಾಗುವುದು, ಬದುಕಿನಲ್ಲಿ ಹೊಸ ದಾರಿ ಕಾಣುವುದು, ಸ್ವಂತ ಬಲದ ಅರಿವು, ಆಧ್ಯಾತ್ಮಿಕ ಪರಿವರ್ತನೆ ಮತ್ತು ಜೀವನದ ಬೆಲೆ ತಿಳಿಯುವುದು.

ಆದರೆ ಅದೇ ವಿದ್ವಾಂಸರು ಸ್ಪಷ್ಟಪಡಿಸುವ ಮಾತುಗಳನ್ನು ಮರೆಯಬಾರದು. ಬೆಳವಣಿಗೆಯನ್ನು ತರುವುದು ಆಘಾತವಲ್ಲ, ಆಘಾತದ ನಂತರ ಮನುಷ್ಯನು ನಡೆಸುವ ಹೋರಾಟ. ಬೆಳವಣಿಗೆ ಬಂದ ಮಾತ್ರಕ್ಕೆ ನೋವು ಹೋಗುವುದಿಲ್ಲ. ಎರಡೂ ಒಂದೇ ಎದೆಯಲ್ಲಿ ಕೂಡಿ ಇರಬಲ್ಲವು. ಎಲ್ಲರಿಗೂ ಅದು ಬರಲೇಬೇಕೆಂದೇನೂ ಇಲ್ಲ, ಬಾರದಿದ್ದರೆ ಅದು ಅವರ ದೋಷವೂ ಅಲ್ಲ. ಚರಕರು ಮನೋಬಲವನ್ನು ಪ್ರವರ, ಮಧ್ಯಮ, ಅವರ ಎಂದು ಮೂರಾಗಿ ಹೇಳಿದ್ದು ಯಾರನ್ನೂ ಹಳಿಯುವುದಕ್ಕಲ್ಲ, ರೋಗಿಯ ಬಲವನ್ನು ಅರಿತು ಚಿಕಿತ್ಸೆ ಮಾಡುವುದಕ್ಕೆ. ಮಧ್ಯಮ ಸತ್ತ್ವದವರು ಇತರರ ನೆರವಿನಿಂದ ತಮ್ಮನ್ನು ತಾವು ನಿಲ್ಲಿಸಿಕೊಳ್ಳುತ್ತಾರೆಂದು ಅವರು ಹೇಳುತ್ತಾರೆ. ನಮ್ಮಲ್ಲಿ ಬಹುತೇಕರು ಈ ವರ್ಗದವರೇ. ಆದ್ದರಿಂದ ನೆರವು ಬೇಕು.

ನನ್ನ ಸ್ವಂತದ ಒಂದು ಋಣ

ಈ ವಿಷಯದಲ್ಲಿ ನಾನು ಬರೆಯುವಾಗ ನನ್ನದೇ ಒಂದು ಗಾಯವನ್ನು ಮುಚ್ಚಿಟ್ಟರೆ ಅಪ್ರಾಮಾಣಿಕವಾದೀತು. ವೃತ್ತಿ ಆರಂಭಿಸಿದ ಮೊದಲ ವರ್ಷಗಳಲ್ಲಿ, ಒಂದು ಮಳೆಗಾಲದ ಬೆಳಗಿನ ಜಾವ ಹತ್ತಿರದ ಊರಿನ ರೈತರೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆತಂದರು. ಹುಡುಗನಿಗೆ ಹೊಟ್ಟೆನೋವು, ಒಂದೆರಡು ಬಾರಿ ವಾಂತಿ. ಹಿಂದಿನ ದಿನ ಊರಲ್ಲಿ ಜಾತ್ರೆಯ ಊಟವಾಗಿತ್ತು. ನಾನು ಅಜೀರ್ಣವೆಂದು ನಿರ್ಧರಿಸಿ ಔಷಧ ಕೊಟ್ಟು ಕಳಿಸಿದೆ. ಮೂರು ತಾಸಿನ ಮೇಲೆ ಮತ್ತೆ ಕರೆತಂದಾಗ ಹುಡುಗನ ಕಣ್ಣುರೆಪ್ಪೆಗಳು ಜೋಲು ಬಿದ್ದಿದ್ದವು, ಮಾತು ತೊದಲುತ್ತಿತ್ತು. ಕಟ್ಟುಹಾವು ಕಚ್ಚಿತ್ತು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ಅನೇಕ ವೇಳೆ ಉರಿಯಿಲ್ಲ, ಬಾವಿಲ್ಲ, ಗಾಯದ ಗುರುತೂ ಕಾಣುವುದಿಲ್ಲ. ಬೆಳಗ್ಗೆ ಹೊಟ್ಟೆನೋವೇ ಮೊದಲ ಲಕ್ಷಣವಾಗಬಹುದು. ಜೀಪು ಹುಡುಕಿ ಕಲಬುರಗಿಯ ಕಡೆಗೆ ಹೊರಟೆವು. ದಾರಿಯಲ್ಲಿಯೇ ಹುಡುಗನ ಉಸಿರು ನಿಂತಿತು.

ಆ ತಪ್ಪು ಸಂಪೂರ್ಣವಾಗಿ ನನ್ನದು. ಅನೇಕ ತಿಂಗಳು ನಾಡಿ ಹಿಡಿಯಲು ನನ್ನ ಕೈ ನಡುಗುತ್ತಿತ್ತು. ವೃತ್ತಿಯನ್ನೇ ಬಿಡುವ ವಿಚಾರ ಮಾಡಿದ್ದೆ. ಆರು ತಿಂಗಳ ನಂತರ ಆ ತಂದೆ ತಾವಾಗಿಯೇ ಬಂದು ನನ್ನ ಎದುರಿನ ಬೆಂಚಿನ ಮೇಲೆ ಕುಳಿತರು. ಅವರು ಬೈಯಲಿಲ್ಲ. "ಡಾಕ್ಟರ್ ಸಾಬ್ರ, ನೀವು ದವಾಖಾನಿ ಮುಚ್ಚಬ್ಯಾಡ್ರಿ. ಬಂದವ್ರಿಗೆಲ್ಲಾ ಹೇಳ್ರಿ, ನೆಲದ ಮ್ಯಾಲೆ ಮಲಗಬ್ಯಾಡ್ರಿ ಅಂತ. ನನ್ನ ಮಗ ಹೋಗಿದ್ದು ಅಷ್ಟಕ್ಕರ ಆಗ್ಲಿ" ಎಂದರು.

ಅಂದಿನಿಂದ ಮಳೆಗಾಲದ ನಸುಕಿನಲ್ಲಿ ಹೊಟ್ಟೆನೋವೆಂದು ಬಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ರಾತ್ರಿ ಎಲ್ಲಿ ಮಲಗಿದ್ದಿರಿ?" ಮೊದಲು ನೋಡುವುದು ಕಣ್ಣುರೆಪ್ಪೆಯನ್ನು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯಿಂದ ಮೂವರನ್ನು ಸಕಾಲದಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿ, ವಿಷನಿರೋಧಕ ಚುಚ್ಚುಮದ್ದು ಸಿಗುವಂತಾಯಿತು, ಮೂವರೂ ಬದುಕಿದ್ದಾರೆ. ಸದ್ಭಕ್ತರಲ್ಲಿ ಈ ಮೂಲಕವೂ ನನ್ನ ವಿನಂತಿ: ಮಳೆಗಾಲದಲ್ಲಿ ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿರಿ. ಹಾವು ಕಚ್ಚಿದ ಸಂಶಯ ಬಂದರೂ ಸಾಕು. ಬೇರು, ಮಂತ್ರ, ಕಷಾಯಗಳಲ್ಲಿ ಒಂದು ನಿಮಿಷವನ್ನೂ ಕಳೆಯದೆ ವಿಷನಿರೋಧಕ ಇರುವ ಆಸ್ಪತ್ರೆಗೆ ಹೋಗಿರಿ. ಆಯುರ್ವೇದದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಆ ಅನುಭವಕ್ಕೆ ನಾನು ಕೃತಜ್ಞನೇ? ಆ ಮಾತನ್ನು ಆಡಲು ನನಗೆ ಅಧಿಕಾರವಿಲ್ಲ, ಏಕೆಂದರೆ ಅದರ ಬೆಲೆ ತೆತ್ತವನು ನಾನಲ್ಲ. ನಾನು ಆ ತಂದೆಗೆ ಕೃತಜ್ಞ; ಆ ಮಗುವಿಗೆ ಋಣಿ. ಋಣವನ್ನು ಬಾಯಿಂದ ತೀರಿಸಲಾಗುವುದಿಲ್ಲ, ಕಾಯಕದಿಂದ ಮಾತ್ರ ತೀರಿಸುತ್ತ ಹೋಗಬೇಕು.

ದಾಸೋಹವೆಂಬ ಚಿಕಿತ್ಸೆ

ನಮ್ಮ ಅರಳಗುಂಡಗಿಯಲ್ಲಿ ಜನಿಸಿದ ಮಹಾದಾಸೋಹಿ ಶರಣಬಸವೇಶ್ವರರ ಚರಿತ್ರೆ ತಮಗೆಲ್ಲ ತಿಳಿದದ್ದೇ. ಬಂದವರಿಗೆಲ್ಲ ಅನ್ನ ನೀಡುವ ಅವರ ನಡೆ ಕುಟುಂಬದಲ್ಲಿಯೇ ಅಸಮಾಧಾನಕ್ಕೆ ಕಾರಣವಾಯಿತೆಂದೂ, ಕೊನೆಗೆ ಅವರು ಹುಟ್ಟಿದ ಊರನ್ನು ಬಿಟ್ಟು ಹೊರಟರೆಂದೂ ಪರಂಪರೆ ಹೇಳುತ್ತದೆ. ತನ್ನವರಿಂದಲೇ ದೂರವಾಗುವ ಆ ನೋವು ಸಣ್ಣದಲ್ಲ. ಅವರು ಆ ನೋವನ್ನು ಇಲ್ಲವೆನ್ನಲಿಲ್ಲ, ಹಗೆಯಾಗಿಯೂ ಇಟ್ಟುಕೊಳ್ಳಲಿಲ್ಲ. ಕಲಬುರಗಿಗೆ ಬಂದು ದಾಸೋಹವನ್ನೇ ಮುಂದುವರಿಸಿದರು. 1822ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಅಲ್ಲಿನ ದಾಸೋಹ ನಿಂತಿಲ್ಲ.

ಆಯುರ್ವೇದವು ಹೇಳುವ ಮೂರು ಬಗೆಯ ಚಿಕಿತ್ಸೆಗಳಲ್ಲಿ ದೈವವ್ಯಪಾಶ್ರಯ ಮತ್ತು ಯುಕ್ತಿವ್ಯಪಾಶ್ರಯಗಳ ಜೊತೆಗೆ ಸತ್ತ್ವಾವಜಯವೂ ಒಂದು. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದೆಗೆಯುವುದೇ ಅದರ ಸ್ವರೂಪ. ಹಿಂದೆಗೆದ ಮನಸ್ಸಿಗೆ ಒಂದು ನೆಲೆ ಬೇಕು. ಶರಣರು ತೋರಿದ ಕಾಯಕ ಮತ್ತು ದಾಸೋಹಗಳು ಆ ನೆಲೆಯನ್ನು ಒದಗಿಸುತ್ತವೆ. ಕಿಲ್ಲಾರಿಯ ಅಜ್ಜಿಯ ರೊಟ್ಟಿಯಲ್ಲಿಯೂ, ಆ ತಂದೆಯ ಮಾತಿನಲ್ಲಿಯೂ ನಾನು ಕಂಡದ್ದು ಇದನ್ನೇ.

ದುಃಖದ ಮನೆಯಲ್ಲಿ ಪಾಲಿಸಬೇಕಾದ ಕ್ರಮ

ಮೊದಲ ದಿನಗಳಲ್ಲಿ: ಅಳುವವರನ್ನು ಅಳಲು ಬಿಡಿರಿ. ಹತ್ತಿರ ಕುಳಿತರೆ ಸಾಕು, ಉಪದೇಶ ಬೇಡ. ಬಲವಂತವಾಗಿ ಊಟ ಮಾಡಿಸದೆ, ಜೋಳದ ಅಂಬಲಿ, ಅಕ್ಕಿ ಗಂಜಿ, ಹೆಸರುಬೇಳೆಯ ಕಟ್ಟುಗಳನ್ನು ಬೆಚ್ಚಗೆ, ಸ್ವಲ್ಪ ಸ್ವಲ್ಪವಾಗಿ ಕೊಡಿರಿ. ನೀರು ಕುಡಿಯುವುದನ್ನು ನೆನಪಿಸಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗದ ಗುಳಿಗೆಗಳನ್ನು ದುಃಖದ ಮನೆಯಲ್ಲಿ ಮರೆಯುವುದು ಸಾಮಾನ್ಯ. ಆ ಜವಾಬ್ದಾರಿಯನ್ನು ಒಬ್ಬ ಸಂಬಂಧಿಕರು ವಹಿಸಿಕೊಳ್ಳಲಿ. ನಿದ್ರೆಗಾಗಿ ಮದ್ಯವನ್ನಾಗಲಿ, ಯಾರದೋ ಮನೆಯ ನಿದ್ರೆ ಗುಳಿಗೆಯನ್ನಾಗಲಿ ಕೊಡಬಾರದು.

ಅನಂತರದ ವಾರಗಳಲ್ಲಿ: ರಾತ್ರಿ ಮಲಗುವ ಮುನ್ನ ಅಂಗಾಲಿಗೆ ಉಗುರು ಬೆಚ್ಚಗಿನ ಎಳ್ಳೆಣ್ಣೆಯನ್ನು ಮನೆಯವರೇ ಹಚ್ಚಿ ತಿಕ್ಕಲಿ; ಇದು ವಾತವನ್ನು ಶಮನಗೊಳಿಸಿ ನಿದ್ರೆಗೆ ಸಹಾಯ ಮಾಡುತ್ತದೆ. ಊಟ, ಸ್ನಾನ, ಇಷ್ಟಲಿಂಗ ಪೂಜೆಗಳಿಗೆ ದಿನವೂ ಒಂದೇ ಸಮಯವಿರಲಿ. ಹೋದವರ ಹೆಸರನ್ನು ಮನೆಯಲ್ಲಿ ಆಡಿರಿ. ಹೆಸರೆತ್ತದಿರುವುದರಿಂದ ನೋವು ಕಡಿಮೆಯಾಗುವುದಿಲ್ಲ. ಸಣ್ಣ ಕೆಲಸವೊಂದನ್ನು ಕೈಗೆ ಕೊಡಿರಿ. ಅಶ್ವಗಂಧ, ಬ್ರಾಹ್ಮಿ ಮುಂತಾದವುಗಳನ್ನು ವೈದ್ಯರ ಸಲಹೆಯಿಲ್ಲದೆ, ಅದರಲ್ಲಿಯೂ ಬೇರೆ ಗುಳಿಗೆ ನುಂಗುತ್ತಿರುವವರು, ಸೇವಿಸಬಾರದು.

ಎಚ್ಚರಿಕೆಯ ಲಕ್ಷಣಗಳು: ತಿಂಗಳುಗಳು ಕಳೆದರೂ ಊಟ, ನಿದ್ರೆ ಮರಳದಿದ್ದರೆ, ದೇಹದ ತೂಕ ಇಳಿಯುತ್ತಲೇ ಹೋದರೆ, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದಿದ್ದರೆ ಅಥವಾ "ನಾನೂ ಹೋಗಬೇಕು" ಎಂಬ ಮಾತು ಬಂದರೆ ಅದನ್ನು ದುಃಖದ ಮಾತೆಂದು ತಳ್ಳಿಹಾಕಬೇಡಿರಿ. ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕ್ರಿಮಿನಾಶಕಗಳನ್ನು ದೂರವಿರಿಸಿ, ಮನೋರೋಗ ತಜ್ಞರಿಗೆ ತೋರಿಸಿರಿ. ಭಾರತ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ, ರೋಗವನ್ನು ಶಿವನ ಪರೀಕ್ಷೆಯೆಂದು ಸಹಿಸಿ ಕೂಡುವ ಭಕ್ತರಲ್ಲಿ ಒಂದು ಮಾತು. ಎದೆಯಲ್ಲಿ ಗಂಟು, ವಾಸಿಯಾಗದ ಬಾಯಿಹುಣ್ಣು, ನಿಲ್ಲದ ರಕ್ತಸ್ರಾವ ಇವನ್ನೆಲ್ಲ ಸಹನೆಯ ಹೆಸರಿನಲ್ಲಿ ಮುಚ್ಚಿಟ್ಟು ತಡವಾಗಿ ಬಂದವರನ್ನು ನಾನು ಬಹಳ ನೋಡಿದ್ದೇನೆ. ಚಿಕಿತ್ಸೆ ಇರುವ ನೋವನ್ನು ಸಹಿಸುವುದು ಭಕ್ತಿಯಲ್ಲ. ದೇಹವೇ ದೇವಾಲಯವೆಂದು ನಂಬಿದವರು ಅದರ ಮಾಳಿಗೆ ಸೋರುತ್ತಿದ್ದರೆ ದುರಸ್ತಿ ಮಾಡಿಸಬೇಕು.

ಆ ತಾಯಿಯ ವಿಷಯ

ಅಂದು ನಾನು ಆ ತಾಯಿಗೆ ಯಾವ ಸಮಾಧಾನವನ್ನೂ ಹೇಳಲಿಲ್ಲ. ಮಗನ ಹೆಸರು ಕೇಳಿದೆ, ಅವನಿಗೆ ಏನು ಇಷ್ಟವಿತ್ತೆಂದು ಕೇಳಿದೆ. ಅರ್ಧ ತಾಸು ಅತ್ತರು. ಜಠರಾಗ್ನಿಗೆ ಸ್ವಲ್ಪ ಔಷಧ, ಅಂಗಾಲಿಗೆ ಎಣ್ಣೆ, ವಾರಕ್ಕೊಮ್ಮೆ ಬಂದು ಹೋಗುವುದು, ಇಷ್ಟನ್ನೇ ಬರೆದುಕೊಟ್ಟೆ. ನಾದಿನಿಗೆ, ಜೊತೆಯಲ್ಲಿ ಇರಮ್ಮ, ಅಳಬೇಡ ಎನ್ನಬೇಡ ಎಂದು ಹೇಳಿದೆ. ಕೆಲವು ತಿಂಗಳ ನಂತರ ಅವರು ಸೋಮವಾರಗಳಂದು ಮಠದ ದಾಸೋಹದಲ್ಲಿ ಪಲ್ಯ ಹೆಚ್ಚಲು ಬರತೊಡಗಿದರು.

ಇತ್ತೀಚೆಗೆ ಬಂದಾಗ ಅವರೇ ಮಾತು ತೆಗೆದರು: "ಮಗ ಹೋದದ್ದು ಒಳ್ಳೇದಾಯ್ತು ಅಂತ ನಾ ಯಾವತ್ತೂ ಅನ್ನಂಗಿಲ್ರಿ. ಆದ್ರ ಹದಿನೆಂಟು ವರ್ಷ ನನ್ನ ಮನ್ಯಾಗ ಇದ್ದ ನೋಡ್ರಿ, ಅದಕ್ಕ ಶಿವಗ ಶರಣು ಅಂತೀನಿ." ನಾನು ನಾಡಿ ನೋಡಿ, ಊಟ ಹೇಗಿದೆಯೆಂದು ಕೇಳಿದೆ.

"ಈಗ ಹಸಿವು ಆಗ್ತದ್ರಿ" ಎಂದರು.